ನಾಲ್ಕೇ ಜನರ ಚೇಂಬರ್‌ಗೂ ಕಾನೂನಿದೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ವಕೀಲರ ಚೇಂಬರ್ ಎಂದರೆ ಎಷ್ಟೋ ಕಡೆ ಎರಡು ಮೇಜು, ಕಡತ ತುಂಬಿದ ಕಪಾಟು, ನಾಲ್ಕು ಕುರ್ಚಿ. ಅಷ್ಟರಲ್ಲೇ ಸೀನಿಯರ್, ಗುಮಾಸ್ತ, ಇಬ್ಬರು ಜೂನಿಯರ್. ಧಾರವಾಡ, ಬೆಳಗಾವಿ, ಮಂಗಳೂರು ಕಡೆಯಿಂದ ಕಾನೂನು ಓದಿ ಬಂದ ನಮ್ಮ ಹುಡುಗಿಯರು ಕೆಲಸ ಕಲಿಯುವುದು ಇಂಥಲ್ಲೇ. ನೇಮಕಾತಿ ಪತ್ರವಿಲ್ಲ, ಎಚ್‌ಆರ್ ವಿಭಾಗವಿಲ್ಲ. ಸೀನಿಯರ್ ಕೊಟ್ಟಿದ್ದೇ ಸ್ಟೈಪೆಂಡ್.

ಕಳೆದ ವರ್ಷ ಅಂಥ ಒಬ್ಬಳು ನನಗೆ ಫೋನ್ ಮಾಡಿದಳು. ಸೀನಿಯರ್‌ನಿಂದ ರಾತ್ರಿ ಹೊತ್ತು ಬೇಡದ ಮೆಸೇಜುಗಳು. ಡ್ರಾಫ್ಟ್ ತಿದ್ದುವ ನೆಪದಲ್ಲಿ ಎಲ್ಲರೂ ಹೋದ ಮೇಲೆ ಇವಳೊಬ್ಬಳನ್ನೇ ಉಳಿಸಿಕೊಳ್ಳುವುದು. "ಅಕ್ಕಾರ, ದೂರು ಕೊಟ್ರ ನಾಳೆ ಯಾರು ನನ್ನ ಚೇಂಬರ್‌ಗೆ ಸೇರಿಸ್ಕೋತಾರ್ರಿ? ಮನ್ಯಾಗ ಗೊತ್ತಾದ್ರ ಊರಿಗೆ ವಾಪಸ್ ಬಾ ಅಂತಾರ" ಎಂದಳು.

ಇವಳಿಗೆ ಕಾನೂನಿನ ರಕ್ಷಣೆ ಇದೆಯೇ? ಇದೆ. 2013ರ ಪೋಶ್ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. 'ಉದ್ಯೋಗಿ' ಎಂಬ ವ್ಯಾಖ್ಯೆಯಲ್ಲಿ ಸಂಬಳವಿಲ್ಲದೆ ದುಡಿಯುವವರು, ತರಬೇತಿಯಲ್ಲಿರುವವರೂ ಸೇರುತ್ತಾರೆ. ಮುಂಬಯಿ ನಗರ, ಮುಂಬಯಿ ಉಪನಗರ ಎರಡು ಬೇರೆ ಜಿಲ್ಲೆಗಳು. ಫೋರ್ಟ್‌ನಲ್ಲಿ ಚೇಂಬರ್ ಇದ್ದರೆ ನಗರ ಜಿಲ್ಲೆಯ ಸಮಿತಿ, ಬಾಂದ್ರಾದಲ್ಲಿದ್ದರೆ ಉಪನಗರದ್ದು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆಗೆ 90 ದಿನಗಳ ಗಡುವು.

ಕಷ್ಟ ಇರುವುದು ಬೇರೆ ಕಡೆ. ಕೋರ್ಟಿನ ಕಾರಿಡಾರಿನಲ್ಲಿ ಕಿರುಕುಳ ಕೊಟ್ಟವನು ಎದುರು ಪಕ್ಷದ ವಕೀಲನಾಗಿದ್ದರೆ? ಅವನು ಇವಳ ಮಾಲೀಕನೂ ಅಲ್ಲ, ಸಹೋದ್ಯೋಗಿಯೂ ಅಲ್ಲ. ವಿಶಾಖಾ ಮಾರ್ಗಸೂಚಿಗಳನ್ನು ವಕೀಲರ ಸಂಘಗಳೂ ಪಾಲಿಸುವಂತೆ ನೋಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಭಾರತೀಯ ವಕೀಲರ ಪರಿಷತ್ತಿಗೆ ಸೂಚಿಸಿತ್ತು. ಮರುವರ್ಷ ತನ್ನ ಆವರಣಕ್ಕೇ ಪ್ರತ್ಯೇಕ ನಿಯಮಾವಳಿ ತಂದಿತು. ಆದರೆ 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ವಕೀಲರ ಪರಿಷತ್ತಿಗೂ ವಕೀಲರಿಗೂ ಮಾಲೀಕ-ನೌಕರ ಸಂಬಂಧವಿಲ್ಲ, ಹಾಗಾಗಿ ಮಹಿಳಾ ವಕೀಲರ ಇಂಥ ದೂರುಗಳಿಗಾಗಿ ಪರಿಷತ್ತು ಪೋಶ್ ಸಮಿತಿ ರಚಿಸಬೇಕಿಲ್ಲ ಎಂದಿತು. ಅವರಿಗೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಇದೆ ಎಂದಿತು.

ಆ ಕಲಂನಡಿ ವಕೀಲನ ಸನದನ್ನೇ ರದ್ದು ಮಾಡಬಹುದು, ನಿಜ. ಆದರೆ ಪೋಶ್ ಸಮಿತಿಗೆ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಪರಿಷತ್ತಿನ ಮೂವರ ಶಿಸ್ತು ಸಮಿತಿಗೆ ಕಾಯ್ದೆಯಲ್ಲಿ ಅಂಥ ಷರತ್ತಿಲ್ಲ. ಮೂವರೂ ವಕೀಲರೇ, ಆರೋಪಿಯೊಡನೆ ಅದೇ ಕೋರ್ಟುಗಳಲ್ಲಿ ಓಡಾಡುವವರು. ಮಹಿಳೆಯರಿಗೆ ವಕೀಲಿಯ ಬಾಗಿಲು ತೆರೆದ 1923ರ ಕಾಯ್ದೆಗೆ ನೂರು ವರ್ಷ ದಾಟಿದೆ. ಒಳಗೆ ಬಂದವಳು ಯಾರ ಮುಂದೆ ದೂರಬೇಕು ಎಂಬ ಪ್ರಶ್ನೆಗೆ ಇನ್ನೂ ನೇರ ಉತ್ತರವಿಲ್ಲ.

ಫೋನ್ ಮಾಡಿದ ಹುಡುಗಿ ಮೆಸೇಜುಗಳನ್ನು ಅಳಿಸಲಿಲ್ಲ. ದಿನಾಂಕ, ಹೊತ್ತು ಬರೆದಿಟ್ಟುಕೊಂಡು ಸ್ಥಳೀಯ ಸಮಿತಿಗೆ ದೂರು ಕೊಟ್ಟಳು. ಅವಳಿಗೆ ಸಮಿತಿಗಿಂತ ಮೊದಲು ಬೇಕಾಗಿದ್ದು ಇನ್ನೊಂದು ಚೇಂಬರ್. ನಮ್ಮವರೇ ಆದ ಹಿರಿಯ ವಕೀಲೆಯೊಬ್ಬರು, "ಏನಾಯಿತು" ಎಂದು ಕೆದಕದೆ, ಸೋಮವಾರದಿಂದಲೇ ಬರಲು ಹೇಳಿದರು. ಹೊರನಾಡಿನಲ್ಲಿ ಚೇಂಬರ್ ನಡೆಸುವ ಕನ್ನಡಿಗರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸ ಗೋಡೆಯ ಮೇಲಿರಲಿ, ಇಂಥವಳಿಗಾಗಿ ಒಂದು ಕುರ್ಚಿ ಖಾಲಿ ಇರಲಿ.