ಉಳಿದ ಎಳ್ಳು-ಬೆಲ್ಲ ಏನು ಮಾಡೋಣ?

ಸಂಕ್ರಾಂತಿಯಂದು ಹತ್ತು ಮನೆಗೆ ಎಳ್ಳು ಬೀರಿದರೆ ಹತ್ತು ಮನೆಯಿಂದ ಎಳ್ಳು ಬರುತ್ತದೆ. ಕೊಟ್ಟಷ್ಟೂ ಖಾಲಿಯಾಗದ ಅಕ್ಷಯಪಾತ್ರೆ ಇದು! ಮಾರನೆಯ ದಿನ ಮೇಜಿನ ತುಂಬ ಪೊಟ್ಟಣಗಳು. ಆನೆ, ಗೋಪುರ, ನವಿಲುಗಳ ಸಕ್ಕರೆ ಅಚ್ಚಿನ ಮೆರವಣಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಾದರೆ ಕುಸುರೆಳ್ಳಿನ ಡಬ್ಬಿಗಳು. ಮೊದಲ ದಿನ ಅಚ್ಚಿಗಾಗಿ ಜಗಳವಾಡಿದ ಮಕ್ಕಳು ಮೂರನೆಯ ದಿನ ಅತ್ತ ತಿರುಗಿಯೂ ನೋಡುವುದಿಲ್ಲ. ನೋಡುವುದು ಇರುವೆಗಳು ಮಾತ್ರ.

ಕೆಲವು ವರ್ಷಗಳ ಹಿಂದೆ ನಾನೂ ಹೀಗೆ ಉಳಿದ ಎಳ್ಳನ್ನು ಡಬ್ಬಿಯಲ್ಲಿಟ್ಟು ಮರೆತೆ. ಎಷ್ಟೋ ವಾರಗಳ ನಂತರ ನೆನಪಾಗಿ, ಮನೆಗೆಲಸಕ್ಕೆ ಬರುತ್ತಿದ್ದಾಕೆಗೆ ಅಷ್ಟನ್ನೂ ಕಟ್ಟಿಕೊಟ್ಟೆ. ಆಗ ಐದನೆಯ ತರಗತಿಯಲ್ಲಿದ್ದ ಮಗ ಕೇಳಿದ: ‘ಅಮ್ಮಾ, ಕಮಟು ವಾಸನೆ ಬರ್ತಿದೆ ಅಂತ ನೀನೇ ಹೇಳಿದ್ಯಲ್ಲ, ಅವರ ಮನೆ ಹುಡುಗರಿಗೆ ವಾಸನೆ ಬರೋದಿಲ್ವಾ?’ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆಕೆಯ ಬಳಿ ತಪ್ಪಾಯಿತೆಂದೆ. ‘ಇರ್ಲಿ ಬಿಡಿ ಅಕ್ಕ, ಕೋಳಿಗೆ ಹಾಕ್ದೆ’ ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಕೊಡುವುದಾದರೆ, ನಮಗೇ ತಿನ್ನಲು ಆಸೆಯಿರುವಾಗ ಕೊಡಬೇಕು. ಅಂದರೆ ಹಬ್ಬದ ಮಾರನೆಯ ದಿನವೇ ವಿಂಗಡಣೆ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಸಕ್ಕರೆ ಅಚ್ಚು ಬೇಗ ಕೆಡುವ ವಸ್ತುವಲ್ಲ. ತೇವ ತಗಲದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು. ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿಗಳ ಕತೆ ಬೇರೆ. ಇವುಗಳಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿ, ಬೆಳಕು, ಶಾಖ ತಗಲಿದರೆ ಆ ಎಣ್ಣೆ ಕಮಟಾಗುತ್ತದೆ. ತೇವವಾದ ಕಡಲೆಕಾಯಿ ಬೀಜಕ್ಕೆ ಬೂಷ್ಟು ಹಿಡಿದರೆ ವಿಷಾಂಶ ಸೇರುವ ಅಪಾಯವೂ ಉಂಟು. ಅಂಥದನ್ನು ಆರಿಸಿ ತಿನ್ನುವ ಉಳಿತಾಯ ಬೇಡ, ಎಸೆದುಬಿಡಿ.

ಅಚ್ಚನ್ನು ಕುಟ್ಟಿ ಜರಡಿ ಹಿಡಿದರೆ ಅದು ಸಕ್ಕರೆಯೇ. ಬಿಳಿಯದನ್ನು ಹಾಲಿಗೆ, ಶಾವಿಗೆ ಪಾಯಸಕ್ಕೆ ಬಳಸಿ. ಬಣ್ಣದ್ದು ಕೇಸರಿಬಾತಿಗೆ ಸರಿಹೋಗುತ್ತದೆ. ಆದರೆ ಅಂದು ಡಬ್ಬಿಯ ಸಕ್ಕರೆಯನ್ನು ಅಷ್ಟೇ ಕಡಿಮೆ ಮಾಡಬೇಕು. ಇಲ್ಲದಿದ್ದರೆ ಉಳಿಸಿದಂತಾಗಲಿಲ್ಲ, ಹೆಚ್ಚು ತಿಂದಂತಾಯಿತು.

ಎಳ್ಳು-ಬೆಲ್ಲದಲ್ಲಿರುವ ಜೀರಿಗೆ ಪೆಪ್ಪರ್‌ಮಿಂಟನ್ನು ಆರಿಸಿ ತೆಗೆದು, ಉಳಿದದ್ದನ್ನು ನೀರು ಹಾಕದೆ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ತಡೆದು ತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಳ್ಳು ಎಣ್ಣೆ ಬಿಡುತ್ತದೆ. ಏಲಕ್ಕಿ ಪುಡಿ, ಒಂದೆರಡು ಚಮಚ ಬಿಸಿ ತುಪ್ಪ ಸೇರಿಸಿ ಉಂಡೆ ಕಟ್ಟಿ. ಶಾಲೆಯಿಂದ ಹಸಿದು ಬಂದವರಿಗೆ ಒಂದು ಉಂಡೆ ಒಳ್ಳೆಯ ತಿಂಡಿ. ಇದೇ ಪುಡಿಯನ್ನು ಹೂರಣವಾಗಿಸಿ ಹೋಳಿಗೆಯನ್ನೂ ಮಾಡಬಹುದು.

ಸಿಹಿಗೂ ಒಂದು ಮಿತಿ ಇರಲಿ. ಮೇಲಿನಿಂದ ಸೇರಿಸಿದ ಸಕ್ಕರೆ, ಬೆಲ್ಲದಂಥವುಗಳಿಂದ ಬರುವ ಶಕ್ತಿ ದಿನದ ಒಟ್ಟು ಆಹಾರಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ದಿನಕ್ಕೆ 2,000 ಕ್ಯಾಲೊರಿ ಆಹಾರ ತಿನ್ನುವವರಿಗೆ ಇದು ಸುಮಾರು 50 ಗ್ರಾಂ. ಮನೆಯ ತಕ್ಕಡಿಯಲ್ಲಿ ಒಂದು ದೊಡ್ಡ ಅಚ್ಚನ್ನು ತೂಗಿ ನೋಡಲು ಮಕ್ಕಳಿಗೆ ಹೇಳಿ. ಉಪದೇಶಕ್ಕಿಂತ ಅದೇ ಹೆಚ್ಚು ನಾಟುತ್ತದೆ.

ಹಂಚುವಾಗಲೂ ವಿವೇಚನೆ ಬೇಕು. ವಿದ್ಯಾರ್ಥಿನಿಲಯವೋ ಅನಾಥಾಲಯವೋ ಆದರೆ, ಮನೆಯ ತಿನಿಸನ್ನು ಸ್ವೀಕರಿಸುತ್ತಾರೆಯೇ ಎಂದು ಮೊದಲು ವಿಚಾರಿಸಿ. ಕಡಲೆಕಾಯಿ ಒಗ್ಗದವರೂ ಇರುತ್ತಾರೆ, ಒಳಗೇನಿದೆ ಎಂದು ತಿಳಿಸಿ. ಇಡೀ ಕಡಲೆಕಾಯಿ ಬೀಜ ಐದು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವರಿಗೆ ಪುಡಿ ಮಾಡಿಯೇ ಕೊಡಿ. ಹರಿದ ಪೊಟ್ಟಣಗಳನ್ನು ಒಟ್ಟಿಗೆ ಸುರಿದು ಕೊಡದೆ, ನೆಂಟರಿಗೆ ಕೊಡುವಂತೆಯೇ ಚೊಕ್ಕಟವಾಗಿ ಕಟ್ಟಿ ಕೊಡಿ.

ನಮ್ಮ ಮನೆಯಲ್ಲಿ ಈಗ ಮನೆಗೆಲಸದಾಕೆಯ ಪಾಲಿನ ಪೊಟ್ಟಣ ಹಬ್ಬದ ಬೆಳಿಗ್ಗೆಯೇ ಸಿದ್ಧವಾಗಿರುತ್ತದೆ. ಅದನ್ನು ಕಟ್ಟುವವನು ಮಗ. ಕಳೆದ ಸಲ ಆಕೆಯೂ ತನ್ನ ಮನೆಯ ಎಳ್ಳು ತಂದು ಬೀರಿದಳು. ಆ ಪೊಟ್ಟಣ ಮಾತ್ರ ಸಂಜೆಯವರೆಗೂ ಉಳಿಯಲಿಲ್ಲ.