ಅಂಚೆಚೀಟಿಯಲ್ಲಿ ಹಣ ಹೂಡುವ ಮುನ್ನ

ಸ್ವಾತಂತ್ರ್ಯ ಬಂದು ವರ್ಷ ತುಂಬಿದ ದಿನ, 1948ರ ಆಗಸ್ಟ್ 15ರಂದು, ಅಂಚೆ ಇಲಾಖೆ ಗಾಂಧೀಜಿಯ ನಾಲ್ಕು ಚೀಟಿಗಳನ್ನು ಹೊರತಂದಿತು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಸ್ವದೇಶಿಯ ಹರಿಕಾರನ ಚಿತ್ರ ಅಚ್ಚಾದದ್ದು ಮಾತ್ರ ಸ್ವಿಟ್ಜರ್ಲೆಂಡಿನಲ್ಲಿ! ಈ ಚೀಟಿಗಳ ನೂರು ಸೆಟ್‌ಗಳ ಮೇಲೆ ‘ಸರ್ವಿಸ್’ ಎಂದು ಮರುಮುದ್ರೆ ಒತ್ತಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಟ್ಟರು. ಆಗ ಆ ಹುದ್ದೆಯಲ್ಲಿದ್ದವರು ರಾಜಾಜಿ. ಆ ಹತ್ತು ರೂಪಾಯಿಯ ಚೀಟಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡೇ ಉಳಿದಿದ್ದ ನಾಲ್ಕನ್ನು 2017ರಲ್ಲಿ ಲಂಡನ್ನಿನ ಸ್ಟಾನ್ಲಿ ಗಿಬ್ಬನ್ಸ್ ಸಂಸ್ಥೆ ಐದು ಲಕ್ಷ ಪೌಂಡಿಗೆ ಮಾರಿತು. ಅಂದಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ.

ಇಂಥ ಸುದ್ದಿ ಬಂದಾಗಲೆಲ್ಲ ಅಟ್ಟದ ಮೇಲಿನ ಹಳೇ ಆಲ್ಬಂಗಳು ಕೆಳಗಿಳಿಯುತ್ತವೆ. ಬಹುತೇಕ ಮತ್ತೆ ಅಟ್ಟಕ್ಕೇ ಹೋಗುತ್ತವೆ. ಹಳತಾದದ್ದೆಲ್ಲ ಅಪರೂಪದ್ದಲ್ಲ. ಜಗತ್ತಿನ ಮೊದಲ ಅಂಚೆಚೀಟಿ, 1840ರ ಪೆನ್ನಿ ಬ್ಲ್ಯಾಕ್, ಅಚ್ಚಾದದ್ದೇ ಸುಮಾರು 6.8 ಕೋಟಿ ಪ್ರತಿ. ಇವತ್ತಿಗೂ ಸಾಧಾರಣ ಸ್ಥಿತಿಯದ್ದೊಂದು ಮಧ್ಯಮ ವರ್ಗದ ಸಂಗ್ರಾಹಕರ ಕೈಗೆಟಕುತ್ತದೆ. ನಮ್ಮಲ್ಲಿ ಲಕ್ಷಗಟ್ಟಲೆ ಅಚ್ಚಾದ ಸ್ಮರಣಾರ್ಥ ಚೀಟಿಗಳ ಹಾಳೆಗಳನ್ನು ಮಕ್ಕಳ ಮದುವೆಗಾದೀತೆಂದು ಕಟ್ಟಿಟ್ಟವರಿದ್ದಾರೆ. ಪಾಪ, ಅದೇ ಯೋಚನೆಯಲ್ಲಿ ಇನ್ನೂ ಸಾವಿರಾರು ಜನ ಕಟ್ಟಿಟ್ಟಿದ್ದಾರೆ.

ಸರಿ, ನಿಜಕ್ಕೂ ಅಪರೂಪದ್ದೇ ಸಿಕ್ಕಿತೆನ್ನಿ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟ್ ಮೆಜೆಂಟಾ ಚೀಟಿ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು. ಪಾದರಕ್ಷೆ ವಿನ್ಯಾಸಕ ಸ್ಟುವರ್ಟ್ ವೈಟ್ಸ್‌ಮನ್ 2014ರಲ್ಲಿ ಅದಕ್ಕೆ 94.8 ಲಕ್ಷ ಡಾಲರ್ ಕೊಟ್ಟರು. 2021ರಲ್ಲಿ ಅದು ಹೋದದ್ದು ಸುಮಾರು 83 ಲಕ್ಷಕ್ಕೆ. ಈ ಎರಡೂ ಮೊತ್ತಗಳಲ್ಲಿ ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಕಮಿಷನ್ ಸೇರಿದೆ. ಅದು ಮಾರುವವರ ಜೇಬಿಗೆ ಬರುವುದಿಲ್ಲ. ಏಳು ವರ್ಷ ಬಾಡಿಗೆಯಿಲ್ಲ, ಬಡ್ಡಿಯಿಲ್ಲ, ಕೊನೆಗೆ ನಷ್ಟ. ಕೋಟ್ಯಧೀಶರಿಗೆ ಅದು ಹವ್ಯಾಸದ ಖರ್ಚು. ನಿವೃತ್ತಿಯ ಹಣ ಹಾಕಿದವರಿಗೆ?

ಆ ಪ್ರಶ್ನೆಗೆ ಸ್ಪೇನ್ ಉತ್ತರ ಕಂಡಿದೆ. ಅಫಿನ್ಸಾ, ಫೋರಮ್ ಫಿಲಾಟೆಲಿಕೊ ಎಂಬ ಎರಡು ಕಂಪನಿಗಳು ಸುಮಾರು ಕಾಲು ಶತಮಾನ ಅಲ್ಲಿ ಅಂಚೆಚೀಟಿಗಳನ್ನು ಉಳಿತಾಯ ಯೋಜನೆಯಂತೆ ಮಾರಿದವು. ಚೀಟಿ ಕೊಳ್ಳಿ, ಅವಧಿ ಮುಗಿದಾಗ ನಿಗದಿಯಾದ ಹೆಚ್ಚಿನ ಬೆಲೆಗೆ ನಾವೇ ವಾಪಸ್ ಕೊಳ್ಳುತ್ತೇವೆ ಎಂಬುದು ಒಪ್ಪಂದ. ಬ್ಯಾಂಕಿಗಿಂತ ಒಳ್ಳೆಯ ಆದಾಯ. ಫೋರಮ್ ಹೆಸರಿನಲ್ಲಿ ವಯ್ಯಡೊಲಿಡ್ ನಗರದ ಬ್ಯಾಸ್ಕೆಟ್‌ಬಾಲ್ ತಂಡವೇ ಆಡುತ್ತಿತ್ತು, ಅಷ್ಟು ನಂಬಿಕೆ. ಎಷ್ಟೋ ಗ್ರಾಹಕರು ಚೀಟಿಗಳನ್ನು ಮನೆಗೂ ಒಯ್ಯಲಿಲ್ಲ. ಅವು ಕಂಪನಿಯ ಕಪಾಟಿನಲ್ಲೇ ಇದ್ದವು. ಬೆಲೆ ಕಟ್ಟುವವರೂ ಅವರೇ, ಮಾರುವವರೂ ಅವರೇ, ಮರಳಿ ಕೊಳ್ಳುವವರೂ ಅವರೇ. 2006ರ ಮೇ 9ರಂದು ಪೊಲೀಸರು ದಾಳಿ ಮಾಡಿದಾಗ ಬಯಲಾದದ್ದು ಹಳೇ ಕಥೆ: ಹೊಸಬರ ದುಡ್ಡಿನಲ್ಲಿ ಹಳಬರಿಗೆ ಲಾಭ. ಸಿಕ್ಕಿಬಿದ್ದವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಇವು ಬ್ಯಾಂಕುಗಳಲ್ಲವಾದ್ದರಿಂದ ಠೇವಣಿ ವಿಮೆಯ ರಕ್ಷಣೆಯೂ ಇರಲಿಲ್ಲ. ಮುಖ್ಯಸ್ಥರಿಗೆ ಶಿಕ್ಷೆಯಾಗುವಷ್ಟರಲ್ಲಿ ಹತ್ತು ವರ್ಷ ದಾಟಿತ್ತು.

ಇಲ್ಲಿ ಕಳ್ಳತನ ನಡೆದದ್ದು ಚೀಟಿಯಲ್ಲಿ ಅಲ್ಲ, ಖಚಿತ ಲಾಭದ ಭರವಸೆಯಲ್ಲಿ. ಹಾಗೆಂದು ಚೀಟಿಯಲ್ಲೂ ಮೋಸ ಕಡಿಮೆಯೇನಿಲ್ಲ. ಗಾಂಧಿ ಹತ್ತು ರೂಪಾಯಿಯ ನಕಲು ಬೇಕಾದಷ್ಟಿವೆ. ಅಸಲಿ ಚೀಟಿಯ ಮೇಲೇ ‘ಸರ್ವಿಸ್’ ಎಂದು ಸುಳ್ಳು ಮುದ್ರೆ ಒತ್ತುವುದು ಇನ್ನೂ ಸುಲಭ. ಆದ್ದರಿಂದಲೇ ದೊಡ್ಡ ಚೀಟಿಗಳಿಗೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಪರಿಣತರ ಪ್ರಮಾಣಪತ್ರ ಕೇಳುತ್ತಾರೆ. ನಮ್ಮ ಹವೆಯೂ ವೈರಿಯೇ. ಕರಾವಳಿ, ಮಲೆನಾಡಿನ ಒಂದೇ ಮಳೆಗಾಲ ಸಾಕು, ಹಿಂಬದಿಯ ಅಂಟು ಪುಟಕ್ಕೆ ಕಚ್ಚಿಕೊಂಡು ಕಂದು ಕಲೆ ಏಳಲು. ಅಂಟು ಕೆಟ್ಟ ‘ಮಿಂಟ್’ (ಬಳಸದ) ಚೀಟಿಯ ಬೆಲೆ ಅಲ್ಲಿಗೇ ಅರ್ಧ ಬಿತ್ತೆನ್ನಬಹುದು.

ಚೀಟಿ ಸಂಗ್ರಹ ಚೆಂದದ ಹವ್ಯಾಸ; ಹೂಡಿಕೆಯಾಗಿ ನಾನದನ್ನು ಯಾರಿಗೂ ಶಿಫಾರಸು ಮಾಡಲಾರೆ. ಕ್ಯಾಟಲಾಗಿನಲ್ಲಿರುವುದು ವ್ಯಾಪಾರಿ ಕೇಳುವ ಬೆಲೆ, ನಿಮಗೆ ಸಿಗುವ ಬೆಲೆಯಲ್ಲ. ದೊಡ್ಡ ಮೊತ್ತ ಕೊಡುವ ಮುನ್ನ ಅಂಗಡಿಯವರನ್ನೇ ಕೇಳಿ ನೋಡಿ: “ನಾಳೆ ಇದನ್ನೇ ವಾಪಸ್ ತಂದರೆ ಎಷ್ಟಕ್ಕೆ ತಗೊಳ್ತೀರಿ ಸ್ವಾಮಿ?” ಅವರು ಹೇಳುವ ಮೊತ್ತ ಬರೆದುಕೊಂಡು, ಆಮೇಲೆ ಪರ್ಸ್ ತೆಗೆಯಿರಿ.