ನಿದ್ದೆಗೆಡಿಸಿದ ಎರಡು ಚಿತ್ರಗಳು

ಚಲನಚಿತ್ರಗಳ ವಿಷಯದಲ್ಲಿ ನಾನು ಪಂಡಿತನಲ್ಲ. ಕ್ಯಾಮರಾ ಎಲ್ಲಿ ನಿಂತಿತ್ತು, ಸಂಕಲನಕಾರನು ಎಲ್ಲಿ ಕತ್ತರಿಯಾಡಿಸಿದನು ಎಂಬುದನ್ನೆಲ್ಲ ತಿಳಿದವರು ಹೇಳಲಿ. ನಗು ಬಂದಲ್ಲಿ ನಕ್ಕು, ಅಳು ಬಂದಲ್ಲಿ ಯಾರೂ ಕಾಣದಂತೆ ಕಣ್ಣೊರಸಿಕೊಂಡು ಏಳುವ ಜಾತಿಯವನು ನಾನು. ಅಂಥವನಿಗೂ ಕಳೆದ ವಾರ ಮನೆಯಲ್ಲಿಯೇ ಕುಳಿತು ನೋಡಿದ ಎರಡು ಕನ್ನಡ ಚಿತ್ರಗಳು ನಿದ್ದೆಗೆಡಿಸಿದವು.

ಮೊದಲನೆಯದು 1967ರ ‘ಬೆಳ್ಳಿಮೋಡ’. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದದ್ದು. ಅದನ್ನು ನೋಡಲು ಲೇಖಕಿ ಬದುಕಿರಲಿಲ್ಲ, 1963ರಲ್ಲಿಯೇ ತೀರಿಕೊಂಡಿದ್ದರು. ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು ಇಂದಿರೆ. ಅವಳ ಕೈಹಿಡಿಯಬೇಕಾದ ಮೋಹನನು ಭಾವೀ ಮಾವನ ಹಣದಿಂದ ವಿದೇಶದಲ್ಲಿ ಓದಿ ಬರುತ್ತಾನೆ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿರುತ್ತದೆ. ಆಸ್ತಿ ಇಂದಿರೆಗೆ ಬರಲಾರದೆಂದು ತಿಳಿದೊಡನೆ ಮೋಹನನ ಪ್ರೇಮವೂ ಕರಗುತ್ತದೆ. ಮುಂದೆ ಅಪಘಾತಕ್ಕೀಡಾಗಿ ಮಲಗಿದವನನ್ನು ಆರೈಕೆ ಮಾಡುವವಳು ಅದೇ ಇಂದಿರೆ. ಪಶ್ಚಾತ್ತಾಪಗೊಂಡು ಅವನು ಬೇಡಿದಾಗ ಅವಳು ಒಲ್ಲೆನೆನ್ನುತ್ತಾಳೆ.

ಕಲ್ಪನಾ ಅವರ ಮುಂದಿನ ಕೆಲವು ಪಾತ್ರಗಳಲ್ಲಿ ನನಗೆ ಅಬ್ಬರ ಹೆಚ್ಚೆನಿಸಿದ್ದುಂಟು. ಇಲ್ಲಿ ಹಾಗಿಲ್ಲ, ಕಣ್ಣು ತಗ್ಗಿಸಿ ನಿಂತಾಗಲೇ ಅರ್ಧ ಮಾತು ಮುಗಿದಿರುತ್ತದೆ.

“ಪಾಪ, ಅವನು ಬುದ್ಧಿ ಕಲಿತನಲ್ಲ, ಒಪ್ಪಬಹುದಿತ್ತು,” ಎಂದೆ.

“ನಿಮ್ಮ ತಂಗಿಯಾಗಿದ್ದಿದ್ದರೆ ಹೀಗೇ ಅಂತಿದ್ರಾ?” ಎಂದಳು ನನ್ನಾಕೆ. ಆ ಪ್ರಶ್ನೆಗೆ ಬೇರೊಂದು ಮೊನೆಯೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಎರಡನೆಯದು ರಾಮ್ ರೆಡ್ಡಿಯವರ ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಮಂಡ್ಯದ ಕಡೆಯ ಹಳ್ಳಿಗರೇ ನಟರು. ಅವರು ನಟಿಸುತ್ತಿದ್ದಾರೆಂದು ಒಮ್ಮೆಯೂ ತೋರಲಿಲ್ಲ. ಹೋಗಿಬರುವವರನ್ನೆಲ್ಲ ಬಯ್ಯುತ್ತ ಕುಳಿತ ನೂರೊಂದು ವರುಷದ ಸೆಂಚುರಿ ಗೌಡ ಸಾಯುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಮನೆಯೂ ಬೇಡ. ಕುಡಿಯುತ್ತ ಹೊಲದ ಬದುವಿನ ಮೇಲೆ ನಡೆದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕಾಗಿ ಬದುಕಿರುವ ತಂದೆಯನ್ನು ಕಾಗದದಲ್ಲಿ ಸಾಯಿಸುತ್ತಾನೆ! ಹಣ ಕೊಟ್ಟು ಮರಣಪತ್ರ ಮಾಡಿಸಿ, ತಂದೆಯನ್ನು ಊರು ಬಿಡಿಸಿ ಕಳಿಸುತ್ತಾನೆ.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಕುರಿಗಾಹಿಗಳ ಬೆಂಕಿಯ ಮುಂದೆ ಗಡ್ಡಪ್ಪನು ತನ್ನ ಹಳೆಯ ಬಾಳನ್ನು ಹೇಳಿಕೊಳ್ಳುವಾಗ ನಗು ನಿಂತಿತು. ತಮ್ಮಣ್ಣನನ್ನು ದುಷ್ಟನೆನ್ನಲೂ ಬಾಯಿ ಬರುವುದಿಲ್ಲ. ಸಾಲದಲ್ಲಿ ಸಿಕ್ಕಿಬಿದ್ದ ಸಂಸಾರಿ. ನಡುವೆ ಅವನ ಮಗನ ಪ್ರೇಮಪ್ರಸಂಗ ಮಾತ್ರ ಕೊಂಚ ಉದ್ದವಾಯಿತೆಂದು ನನ್ನ ಎಣಿಕೆ.

ಈಗ ಆ ಮೊನೆಯ ವಿಚಾರ. ನಮ್ಮ ತಂದೆಯವರು ಬಿಟ್ಟುಹೋದ ಪಿತ್ರಾರ್ಜಿತ ಗದ್ದೆಯೊಂದಿದೆ. 2005ರ ತಿದ್ದುಪಡಿಯಾದ ಮೇಲೆ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳೋಣವೆಂದು ಕಾಗದ ಬರೆಸಿಟ್ಟಿದ್ದೆ. “ಅವಳೇನು ಕೇಳುವವಳಲ್ಲ” ಎಂಬುದು ನನ್ನ ಸಮಾಧಾನ. ಮೋಹನನನ್ನು ಬಯ್ದಾಗಲೂ, ತಮ್ಮಣ್ಣನನ್ನು ಕಂಡು ನಕ್ಕಾಗಲೂ ಆ ಕಾಗದವು ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು.

ತಂಗಿ ಬರುವ ಭಾನುವಾರ ಬರುತ್ತಾಳೆ. ಕಾಗದವನ್ನು ನಾನಿನ್ನೂ ಹರಿದಿಲ್ಲ, ಹೊರಗೂ ತೆಗೆದಿಲ್ಲ. ಅವಳು ಬಂದ ರಾತ್ರಿ ‘ತಿಥಿ’ಯನ್ನು ಎಲ್ಲರೂ ಕೂಡಿ ಮತ್ತೊಮ್ಮೆ ನೋಡಬೇಕೆಂದು ನನ್ನಾಕೆ ಈಗಾಗಲೇ ಹಠ ಹಿಡಿದಿದ್ದಾಳೆ.